ಒಂದು ಪರದೆ, ಎರಡು ಪಾಲು

2011ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ನಿಂಟೆಂಡೊ ತ್ರೀಡಿಎಸ್ ಎಂಬ ಗೇಮ್ ಯಂತ್ರದ ಬದಿಯಲ್ಲಿ ಒಂದು ಪುಟ್ಟ ಗುಂಡಿಯಿತ್ತು. ಅದನ್ನು ಮೇಲಕ್ಕೆ ಜಾರಿಸಿದರೆ ಚಿತ್ರಕ್ಕೆ ಆಳ ಬರುತ್ತಿತ್ತು, ಪೂರ್ತಿ ಕೆಳಕ್ಕೆಳೆದರೆ ಚಿತ್ರ ಚಪ್ಪಟೆಯಾಗುತ್ತಿತ್ತು. ಕನ್ನಡಕದ ಗೊಡವೆಯೇ ಇಲ್ಲ.

ನಮ್ಮ ಕಣ್ಣುಗಳ ನಡುವೆ ಸುಮಾರು 6.3 ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎದುರಿಗಿರುವ ಲೋಟ ಎರಡೂ ಕಣ್ಣಿಗೆ ಒಂದೇ ರೀತಿ ಕಾಣುವುದಿಲ್ಲ. ಆ ಸಣ್ಣ ವ್ಯತ್ಯಾಸದಿಂದ ಮಿದುಳು ಆಳವನ್ನು ಗ್ರಹಿಸುತ್ತದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. ಸಿನಿಮಾ ಮಂದಿರದಲ್ಲಿ ಎರಡು ಚಿತ್ರಗಳನ್ನು ಬೇರ್ಪಡಿಸುವ ಕೆಲಸ ಕನ್ನಡಕದ್ದು. ಕನ್ನಡಕ ತೆಗೆದುಬಿಟ್ಟರೆ ಆ ಕೆಲಸ ಪರದೆಯ ತಲೆಗೇ ಬರುತ್ತದೆ.

ತ್ರೀಡಿಎಸ್ ಇದಕ್ಕೆ ಬಳಸಿದ್ದು ಸೀಳುಗಳ ಪದರವನ್ನು. ಬಿದಿರು ತಟ್ಟಿಯ ಸಂದಿನಿಂದ ಇಣುಕುವಾಗ ಎಡಗಣ್ಣಿಗೆ ಕಂಡದ್ದು ಬಲಗಣ್ಣಿಗೆ ಮರೆಯಾಗುತ್ತದಲ್ಲ, ಅದೇ ಉಪಾಯ. ಪಿಕ್ಸೆಲ್‌ಗಳ ಒಂದು ಲಂಬ ಸಾಲು ಎಡಗಣ್ಣಿನ ಚಿತ್ರಕ್ಕೆ, ಪಕ್ಕದ ಸಾಲು ಬಲಗಣ್ಣಿಗೆ. ಸೀಳಿನ ಮೂಲಕ ಆಯಾ ಕಣ್ಣಿಗೆ ಅದರದರ ಸಾಲು ಮಾತ್ರ ಕಾಣಬೇಕು. ಅಳತೆ ಎಷ್ಟು ಸೂಕ್ಷ್ಮ ನೋಡಿ: ಆ ಪರದೆಯ ಪಿಕ್ಸೆಲ್ ಅಗಲ ಸುಮಾರು 0.1 ಮಿಲಿಮೀಟರ್. 35 ಸೆಂಟಿಮೀಟರ್ ದೂರದಿಂದ ನೋಡುವವರಿಗಾದರೆ ಸೀಳು ಮತ್ತು ಪಿಕ್ಸೆಲ್ ನಡುವಿನ ಅಂತರ, ಗಾಜಿನೊಳಗೆ ಬೆಳಕು ಬಾಗುವುದನ್ನು ಬದಿಗಿಟ್ಟರೆ, ಅರ್ಧ ಮಿಲಿಮೀಟರಿನ ಆಸುಪಾಸು. ಸೀಳಿನ ಪದರವೂ ಎಲ್‌ಸಿಡಿಯೇ ಆದ್ದರಿಂದ ಬೇಡವೆಂದಾಗ ಅದು ಪಾರದರ್ಶಕವಾಗುತ್ತಿತ್ತು.

ಬೆಲೆ ತೆರಬೇಕಾದ್ದು ಇಲ್ಲಿಂದಲೇ. ಪರದೆಯಲ್ಲಿದ್ದದ್ದು 800×240 ಪಿಕ್ಸೆಲ್. ಪ್ರತಿ ಕಣ್ಣಿಗೆ ಸಿಕ್ಕಿದ್ದು 400×240. ಸೀಳುಗಳ ನಡುವಿನ ಪಟ್ಟಿ ಬೆಳಕಿನ ದೊಡ್ಡ ಪಾಲನ್ನು ನುಂಗುತ್ತದೆ. ಎಲ್ಲಕ್ಕಿಂತ ಕಿರಿಕಿರಿಯೆಂದರೆ, ತಲೆ ಅಲ್ಲಾಡಿಸುವಂತಿಲ್ಲ. ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಒಂದರ ಮೇಲೊಂದು ಚಿತ್ರದ ನೆರಳು. ಆರು ಸೆಂಟಿಮೀಟರ್ ಸರಿದರೆ ಎಡದ ಚಿತ್ರ ಬಲಗಣ್ಣಿಗೆ ಹೋಗಿ ಆಳವೇ ತಿರುವುಮುರುವು. 2014ರ ಹೊಸ ಮಾದರಿಯಲ್ಲಿ ಕ್ಯಾಮೆರಾ ಮುಖವನ್ನು ಹಿಂಬಾಲಿಸಿ ಸೀಳುಗಳನ್ನು ಸರಿಸತೊಡಗಿತು. ಜಾಣ ಪರಿಹಾರವೇ ಸರಿ, ಆದರೆ ಒಬ್ಬರು ನೋಡುವಾಗ ಮಾತ್ರ.

ಸೀಳಿನ ಬದಲು ಸಾಲುಸಾಲು ಉದ್ದ ಮಸೂರಗಳನ್ನು ಅಂಟಿಸಬಹುದು. ಜಾತ್ರೆಯಲ್ಲಿ ಸಿಗುವ, ಓರೆ ಮಾಡಿದರೆ ಬೇರೆ ದೇವರು ಕಾಣುವ ಪ್ಲಾಸ್ಟಿಕ್ ಚಿತ್ರದ ಮೇಲ್ಮೈಗೆ ಉಗುರಾಡಿಸಿದರೆ ಕರಕರ ಎನ್ನುವುದು ಇವೇ ಮಸೂರಗಳು. ಇವು ಬೆಳಕನ್ನು ತಡೆಯುವುದಿಲ್ಲ, ತಿರುಗಿಸುತ್ತವೆ. ಪಿಕ್ಸೆಲ್ ಹಂಚಿಕೆಯಿಂದ ಮಾತ್ರ ಬಿಡುಗಡೆಯಿಲ್ಲ.

ಇವೆರಡರಿಂದಲೂ ತೀರದ ತೊಡಕು ಕಣ್ಣಿನೊಳಗಿದೆ. ಪರದೆಯ ಹಿಂದೆ, 60 ಸೆಂಟಿಮೀಟರ್ ದೂರದಲ್ಲಿ ಗುಡ್ಡ ಕಂಡರೆ ಎರಡೂ ಕಣ್ಣು ಆ ದೂರಕ್ಕೆ ಹೊಂದಿಕೊಂಡು ತಿರುಗುತ್ತವೆ. ಕಣ್ಣಿನ ಮಸೂರಕ್ಕೋ 35 ಸೆಂಟಿಮೀಟರ್ ದೂರದ ಪರದೆಯೇ ಗತಿ. ಸದಾ ಜೊತೆಯಾಗಿ ನಡೆಯುವ ಈ ಎರಡು ಕ್ರಿಯೆಗಳು ಎಳೆದಾಡಿದಾಗ ಕೆಲವರಿಗೆ ತಲೆನೋವು ಬರುತ್ತದೆ. ಆರು ವರ್ಷ ಮತ್ತು ಅದಕ್ಕೂ ಚಿಕ್ಕ ಮಕ್ಕಳಿಗೆ ತ್ರೀಡಿ ಬೇಡವೆಂದು ನಿಂಟೆಂಡೊ ತಾನೇ ಹೇಳಿತ್ತು. ಮೆಳ್ಳೆಗಣ್ಣಿನಂಥ ಕಾರಣಕ್ಕೆ ಎರಡು ಕಣ್ಣಿನ ನೋಟ ಕೂಡದವರಿಗಂತೂ ಆಳ ಕಾಣುವುದೇ ಇಲ್ಲ.

ಗೇಬ್ರಿಯಲ್ ಲಿಪ್‌ಮನ್ 1908ರಲ್ಲಿ ಬೇರೆ ದಾರಿ ಸೂಚಿಸಿದ್ದ: ನೊಣದ ಕಣ್ಣಿನಂತೆ ಪುಟ್ಟಪುಟ್ಟ ಮಸೂರಗಳನ್ನು ಹರಡಿ, ಎಲ್ಲ ದಿಕ್ಕಿಗೂ ಬೇರೆ ಬೇರೆ ನೋಟ ಕಳಿಸುವುದು. ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು ನೋಟ ಬೇಕೆನ್ನಿ. 3840×2160 ಪಿಕ್ಸೆಲ್‌ಗಳ 4ಕೆ ಪರದೆಯನ್ನೇ ತಂದರೂ ಒಂದೊಂದು ನೋಟದ ಪಾಲಿಗೆ ಬರುವುದು 384×216.