ಎರಡು ಪರದೆ, ಒಂದು ಕಂಪ್ಯೂಟರ್: ವಿಡಿಯೋ ಏಕೆ ತಡವರಿಸುತ್ತದೆ?



ಕೊಡಗಿನ ನಾಪೋಕ್ಲು ಹಾಕಿಗೆ ಹೆಸರಾದ ಊರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2023ರಲ್ಲಿ ಮತ್ತು 2024ರಲ್ಲಿ ಈ ಊರಿನಲ್ಲೇ ನಡೆಯಿತು. 2024ರ ಕುಂಡ್ಯೋಳಂಡ ಹಾಕಿಯಲ್ಲಿ 360 ಕುಟುಂಬಗಳ ತಂಡಗಳು ಪಾಲ್ಗೊಂಡವು. ಅಂತಹ ಒಂದು ಪಂದ್ಯದ ವಿಡಿಯೋವನ್ನು ನೀವು ಮನೆಯ ಕಂಪ್ಯೂಟರಿನಲ್ಲಿ ನೋಡುತ್ತಿದ್ದೀರಿ ಎಂದುಕೊಳ್ಳಿ. ಮೇಜಿನ ಮೇಲೆ ಎರಡು ಮಾನಿಟರುಗಳಿವೆ. ಎಡಗಡೆಯದರಲ್ಲಿ ಪಂದ್ಯ, ಬಲಗಡೆಯದರಲ್ಲಿ ನೀವು ಬರೆಯುತ್ತಿರುವ ಟಿಪ್ಪಣಿ. ಮುಂಪಡೆಯ ಆಟಗಾರ ಕೋಲು ಎತ್ತಿದ. ಮರುಕ್ಷಣ ಚೆಂಡು ಗೋಲಿನ ಬಲೆಯೊಳಗಿದೆ. ನಡುವೆ ಏನಾಯಿತೆಂಬುದು ಕಾಣಲೇ ಇಲ್ಲ. ವೀಕ್ಷಕ ವಿವರಣೆಯ ಧ್ವನಿ ಮಾತ್ರ ಎಲ್ಲೂ ತಡೆಯದೆ ಸರಾಗವಾಗಿ ಬರುತ್ತಿದೆ.

ಇದು ಆಟ ನೋಡುವವರ ತೊಂದರೆ ಮಾತ್ರ ಎನ್ನುವಂತಿಲ್ಲ. 2020ರ ಕೋವಿಡ್ ದಿನಗಳಲ್ಲಿ ಕೊಡಗಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನಿಮಗೆ ನೆನಪಿರಬಹುದು. ಆ ಬಳಿಕ ಪಾಠವೂ ತರಬೇತಿಯೂ ಎಷ್ಟೋ ಮಟ್ಟಿಗೆ ವಿಡಿಯೋ ರೂಪದಲ್ಲೇ ಮನೆಗೆ ಬರುತ್ತಿವೆ. ಕಪ್ಪುಹಲಗೆಯ ಮೇಲಿನ ಎರಡು ಸಾಲು ಲೆಕ್ಕ ಎಗರಿ ಹೋದರೆ ಮೂರನೆಯ ಸಾಲು ಅರ್ಥವಾಗುವುದು ಹೇಗೆ? ಮನೆಯವರು ಕಂಪ್ಯೂಟರನ್ನು ಹೊತ್ತು ಅಂಗಡಿಗೆ ಹೋಗುತ್ತಾರೆ. "ಇದು ಹಳೆಯದಾಯಿತು, ಹೊಸದು ಕೊಳ್ಳಿ" ಎಂಬ ಉತ್ತರ ಅಲ್ಲಿ ಸಿದ್ಧವಾಗಿರುತ್ತದೆ. ಕಾಫಿ ಮಾರಿದ ಹಣದಲ್ಲಿ ಒಂದು ಪಾಲು ಹೀಗೆ ಹೋಗುವ ಮೊದಲು, ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ನೀವೇ ಮಾಡಿ ನೋಡಬಹುದು. ಅದಕ್ಕೆ ಮೊದಲು ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು.

ವಿಡಿಯೋ ಎಂದರೆ ಒಂದರ ಹಿಂದೆ ಒಂದು ಓಡುವ ಸ್ಥಿರ ಚಿತ್ರಗಳು. ಸಾಮಾನ್ಯ ಎಚ್.ಡಿ. ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು 20,73,600. ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್ ಎಂದಿಟ್ಟುಕೊಂಡರೆ ಚಿತ್ರಕ್ಕೆ 62,20,800 ಬೈಟ್. ಸೆಕೆಂಡಿಗೆ 25 ಚಿತ್ರಗಳಾದರೆ 15 ಕೋಟಿ 55 ಲಕ್ಷ ಬೈಟ್. ಹಿಂದೆ ಹಾಡು ತುಂಬುತ್ತಿದ್ದ ಒಂದು ಸಿ.ಡಿ. ಐದು ಸೆಕೆಂಡಿನೊಳಗೆ ಭರ್ತಿಯಾಗುವಷ್ಟು! ಇಷ್ಟನ್ನು ಯಾವ ತಂತಿಯ ಮೂಲಕ ನಾಪೋಕ್ಲಿಗೆ ತರುವುದು? ಆದ್ದರಿಂದ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತಾರೆ. ಒಂದು ಪೂರ್ಣ ಚಿತ್ರ ಕೊಟ್ಟು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಹೇಳುವುದು ಇದರ ಮುಖ್ಯ ಉಪಾಯ. ಮೈದಾನ ಹಾಗೇ ಇದೆ, ಗ್ಯಾಲರಿ ಹಾಗೇ ಇದೆ, ಚೆಂಡು ಮಾತ್ರ ಇಷ್ಟು ದೂರ ಸರಿಯಿತು, ಎಂಬಂತೆ. ಇಂತಹ ಉಪಾಯಗಳಿಂದ ಸೆಕೆಂಡಿಗೆ 124 ಕೋಟಿ ಬಿಟ್ ಬೇಕಿದ್ದ ಜಾಗದಲ್ಲಿ 50 ಲಕ್ಷ ಬಿಟ್ ಸಾಕಾಗುತ್ತದೆ. ಅಂದರೆ ಸುಮಾರು 250 ಪಟ್ಟು ಉಳಿತಾಯ.

ಆದರೆ ಕಟ್ಟಿದ ಗಂಟನ್ನು ಬಿಚ್ಚುವವರು ಬೇಕಲ್ಲ? ಆ ಕೆಲಸ ನಿಮ್ಮ ಕಂಪ್ಯೂಟರಿನದು. ಒಂದೊಂದು ಚಿತ್ರಕ್ಕೂ ಅದಕ್ಕೆ ದೊರೆಯುವ ಕಾಲ ಸೆಕೆಂಡಿನ 25ನೇ ಒಂದು ಭಾಗ. ಅಷ್ಟರಲ್ಲಿ ಮುಗಿಯದಿದ್ದರೆ ಆ ಚಿತ್ರವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಧ್ವನಿ ಏಕೆ ನಿಲ್ಲುವುದಿಲ್ಲ ಎಂದು ನೀವು ಕೇಳಬಹುದು. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ ಬೇಕಾದದ್ದು 1,76,400 ಬೈಟ್ ಮಾತ್ರ. ಚಿತ್ರದ 880ನೇ ಒಂದು ಭಾಗ. ಜೊತೆಗೆ ಕಿವಿ ಬಹಳ ಕಟ್ಟುನಿಟ್ಟಿನದು, ಧ್ವನಿಯಲ್ಲಿ ಚೂರು ಬಿಟ್ಟುಹೋದರೂ ಗೊತ್ತಾಗುತ್ತದೆ. ಕಣ್ಣು ಸ್ವಲ್ಪ ಕ್ಷಮಿಸುತ್ತದೆ. ಆದ್ದರಿಂದ ವಿಡಿಯೋ ತೋರಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಧ್ವನಿಯನ್ನೇ ಗಡಿಯಾರವಾಗಿಟ್ಟುಕೊಂಡು, ಹಿಂದೆ ಬಿದ್ದ ಚಿತ್ರಗಳನ್ನು ಬಿಟ್ಟುಬಿಡುತ್ತವೆ. ಇಬ್ಬರು ಕುಳಿತು ಮಾತನಾಡುವ ಕಾರ್ಯಕ್ರಮ ಚೆನ್ನಾಗಿಯೇ ಬಂದು, ಹಾಕಿ ಮಾತ್ರ ಏಕೆ ತಡವರಿಸುತ್ತದೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಕ್ಯಾಮೆರಾ ಚೆಂಡಿನ ಹಿಂದೆ ತಿರುಗಿದಾಗ ಇಡೀ ಚಿತ್ರವೇ ಬದಲಾಗುತ್ತದೆ. ಬಿಚ್ಚುವ ಕೆಲಸವೂ ಹೆಚ್ಚು, ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದೂ ಹೆಚ್ಚು.

ಈಗ ಪರೀಕ್ಷೆಗೆ ಬರೋಣ. ಮೊದಲ ಪ್ರಶ್ನೆ: ತಪ್ಪು ಇಂಟರ್‌ನೆಟ್ಟಿನದೋ ಕಂಪ್ಯೂಟರಿನದೋ? ಚಿತ್ರ ನಿಂತು, ಮಧ್ಯದಲ್ಲಿ ಚಕ್ರ ತಿರುಗಿ, ಧ್ವನಿಯೂ ನಿಂತರೆ ಮಾಹಿತಿ ಬಂದು ತಲುಪುತ್ತಿಲ್ಲ ಎಂದರ್ಥ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ನಾಡಿನಲ್ಲಿ ಅದೂ ಇದ್ದದ್ದೇ. ಧ್ವನಿ ಓಡುತ್ತಿದ್ದು ಚಿತ್ರ ಮಾತ್ರ ಎಗರಿದರೆ ತಪ್ಪು ಬಹುಪಾಲು ಮನೆಯೊಳಗಿನದು. ಖಚಿತ ಮಾಡಿಕೊಳ್ಳಬೇಕಾದರೆ ಫೋನಿನಲ್ಲಿ ತೆಗೆದ ಒಂದು ವಿಡಿಯೋವನ್ನು ಕಂಪ್ಯೂಟರಿಗೆ ನಕಲು ಮಾಡಿ, ಇಂಟರ್‌ನೆಟ್ ಕಳಚಿ ಓಡಿಸಿರಿ. ಯೂಟ್ಯೂಬಿನಲ್ಲಾದರೆ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬುದನ್ನು ಆರಿಸಿ. ಎಷ್ಟು ಚಿತ್ರಗಳಲ್ಲಿ ಎಷ್ಟು ಬಿಟ್ಟುಹೋದವು ಎಂಬ ಲೆಕ್ಕ ಅಲ್ಲೇ ಕಾಣುತ್ತದೆ. ಹೆಸರು ಸ್ವಲ್ಪ ತಮಾಷೆಯದಾದರೂ ಅಂಗಡಿಯವರ ಊಹೆಗಿಂತ ಈ ಅಂಕಿಗಳು ನಂಬಲು ಅರ್ಹ.

ಎರಡನೆಯದೇ ನಿರ್ಣಾಯಕ ಪರೀಕ್ಷೆ. ಕಂಪ್ಯೂಟರ್ ಆರಿಸಿ, ಒಂದು ಮಾನಿಟರಿನ ಕೇಬಲ್ ಕಳಚಿ, ಮತ್ತೆ ಹಚ್ಚಿ, ಅದೇ ವಿಡಿಯೋದ ಅದೇ ಭಾಗವನ್ನು ನೋಡಿ. ಆಮೇಲೆ ಮತ್ತೊಂದನ್ನು ಕಳಚಿ ನೋಡಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಪ್ರಯೋಗಶಾಲೆಯಲ್ಲಿ ನಿಮ್ಮ ಅಧ್ಯಾಪಕರು ಹೇಳುವುದೂ ಇದನ್ನೇ. ಒಂದು ಪರದೆಯಲ್ಲಿಯೂ ತಡವರಿಕೆ ಹಾಗೇ ಉಳಿದರೆ ಎರಡನೆಯ ಮಾನಿಟರನ್ನು ದೂರಿ ಪ್ರಯೋಜನವಿಲ್ಲ.

ಅಂತಹ ಸಂದರ್ಭದಲ್ಲಿ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ವಿಡಿಯೋ ಓಡಿಸಿ. ಗಂಟು ಬಿಚ್ಚಲು ಕಂಪ್ಯೂಟರಿನಲ್ಲಿ ಎರಡು ದಾರಿಗಳಿವೆ. ಒಂದು, ಎಲ್ಲ ಕೆಲಸಕ್ಕೂ ಒದಗುವ ಮುಖ್ಯ ಸಂಸ್ಕಾರಕ, ಅಂದರೆ ಸಿ.ಪಿ.ಯು. ಇನ್ನೊಂದು, ಗ್ರಾಫಿಕ್ಸ್ ಭಾಗದಲ್ಲಿ ಇದೊಂದೇ ಕೆಲಸಕ್ಕೆಂದು ಮಾಡಿರುವ ಮಂಡಲ. ಭತ್ತ ಕುಟ್ಟಲು ಒನಕೆಯೂ ಉಂಟು, ಮಿಲ್ಲೂ ಉಂಟು ಎಂದಂತೆ. ಸಿ.ಪಿ.ಯು. ಗೆರೆ ನೂರಕ್ಕೆ ನೂರು ಮುಟ್ಟಿದ್ದು, ಗ್ರಾಫಿಕ್ಸ್ ಪುಟದಲ್ಲಿ 'ವಿಡಿಯೋ ಡಿಕೋಡ್' ಗೆರೆ ಸೊನ್ನೆಯಲ್ಲಿ ಮಲಗಿದ್ದರೆ ಮಿಲ್ಲು ನಿಂತಿದೆ, ಒನಕೆಯೇ ಎಲ್ಲವನ್ನೂ ಕುಟ್ಟುತ್ತಿದೆ ಎಂದು ತಿಳಿಯಿರಿ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆರಿಹೋಗಿರಬಹುದು. ಇಲ್ಲವೇ ವಿಂಡೋಸ್ ಮತ್ತೆ ಹಾಕಿಸಿದಾಗ ಗ್ರಾಫಿಕ್ಸಿನ ಡ್ರೈವರ್ ತಂತ್ರಾಂಶ ಹಾಕದೆ ಬಿಟ್ಟಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಹೆಸರು ಕಂಡರೆ ಇದೇ ಕಾರಣ.

ಎಲ್ಲ ಸರಿಯಿದ್ದೂ ಮಿಲ್ಲು ತಿರುಗದಿದ್ದರೆ? ಗಂಟು ಕಟ್ಟುವ ರೀತಿಗಳು ಹಲವು. ಎಚ್.264 ಎಂಬುದು 2003ರದು, ವಿ.ಪಿ.9 2013ರದು, ಎ.ವಿ.1 2018ರದು. ಹೊಸ ರೀತಿಯ ಗಂಟು ಚಿಕ್ಕದು, ಆದರೆ ಬಿಚ್ಚುವುದು ಕಷ್ಟ. ಮಂಡಲವನ್ನು ಚಿಪ್ಪಿನಲ್ಲೇ ಕೆತ್ತಿರುವುದರಿಂದ ತಾನು ಹುಟ್ಟುವಾಗ ಇಲ್ಲದಿದ್ದ ರೀತಿಯನ್ನು ಅದು ಆಮೇಲೆ ಕಲಿಯಲಾರದು. ಇಂಟೆಲ್ ಕಂಪನಿಯ ನಾಲ್ಕನೆಯ ಪೀಳಿಗೆಯ ಯಂತ್ರಕ್ಕೆ ಎಚ್.264 ಸುಲಭ, ವಿ.ಪಿ.9 ಹೊರೆ. ಎ.ವಿ.1 ಬಿಚ್ಚುವ ಮಂಡಲ ಬಂದದ್ದು 2020ರ ಹನ್ನೊಂದನೆಯ ಪೀಳಿಗೆಯಲ್ಲಿ. ಯೂಟ್ಯೂಬಿನಂತಹ ತಾಣಗಳು ಹೊಸ ರೀತಿಗಳಲ್ಲಿ ಹೆಚ್ಚು ಕಳಿಸುತ್ತವೆ. ಎಚ್.264 ರೂಪವನ್ನೇ ಕೇಳಿ ಪಡೆಯುವ ಪುಟ್ಟ ಬ್ರೌಸರ್ ಜೋಡಣೆಗಳು ಉಚಿತವಾಗಿ ದೊರೆಯುತ್ತವೆ. ಅಥವಾ ಚಿತ್ರದ ಗುಣಮಟ್ಟವನ್ನು 1080ರಿಂದ 720ಕ್ಕೆ ಇಳಿಸಬಹುದು. ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪಾಠ ಕೇಳಲು 720 ಧಾರಾಳ ಸಾಕು.

ಇನ್ನು ಒಂದು ಪರದೆಯಲ್ಲಿ ಸರಾಗ, ಎರಡರಲ್ಲಿ ತಡವರಿಕೆ ಎಂದಾದರೆ ನಮ್ಮ ನಿಜವಾದ ವಿಷಯಕ್ಕೆ ಬಂದಂತೆ. ಪೆಟ್ಟಿಗೆಯ ಹಿಂಬದಿ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಒಂದು ಕೇಬಲ್ ಕಾರ್ಡಿಗೆ, ಇನ್ನೊಂದು ಮದರ್‌ಬೋರ್ಡಿಗೆ ಚುಚ್ಚಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಆಗ ಒಂದು ಗ್ರಾಫಿಕ್ಸ್ ಬರೆದ ಚಿತ್ರವನ್ನು ಇನ್ನೊಂದಕ್ಕೆ ಮತ್ತೆ ಮತ್ತೆ ನಕಲು ಮಾಡಿ ಕೊಡಬೇಕಾಗುತ್ತದೆ. ಎರಡನ್ನೂ ಕಾರ್ಡಿಗೇ ಚುಚ್ಚಿದರೆ ಆ ವ್ಯರ್ಥ ಓಡಾಟ ತಪ್ಪೀತು. ಲ್ಯಾಪ್‌ಟಾಪಿಗೆ ಯು.ಎಸ್.ಬಿ.ಯಿಂದ ಮಾನಿಟರ್ ಜೋಡಿಸುವ ಅಡಾಪ್ಟರುಗಳಲ್ಲಿಯೂ ಎರಡು ಜಾತಿ. ಕೆಲವು ಗ್ರಾಫಿಕ್ಸಿನ ಸಂಕೇತವನ್ನು ಹಾಗೇ ದಾಟಿಸುತ್ತವೆ. ಇನ್ನು ಕೆಲವು ಪರದೆಯ ಚಿತ್ರವನ್ನು ಸಿ.ಪಿ.ಯು.ವಿನಿಂದ ಕುಗ್ಗಿಸಿಕೊಂಡು ಕಳಿಸುತ್ತವೆ. ವಿಡಿಯೋ ಬಿಚ್ಚಿದ ಸಿ.ಪಿ.ಯು. ಅದನ್ನೇ ಮತ್ತೆ ಕಟ್ಟುವುದು! ಇಂತಹ ಅಡಾಪ್ಟರಿನ ಪರದೆಯಲ್ಲಿ ಟಿಪ್ಪಣಿ ಇಡಿ, ವಿಡಿಯೋವನ್ನು ನೇರ ಕೇಬಲಿನ ಪರದೆಗೆ ತನ್ನಿ. ಖರ್ಚು ಏನೂ ಇಲ್ಲ.

ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸಿಗೆ ಸ್ವಂತ ಸ್ಮರಣೆಯಿಲ್ಲ, ಮುಖ್ಯ ಸ್ಮರಣೆಯನ್ನೇ ಹಂಚಿಕೊಳ್ಳುತ್ತದೆ. ಒಂದು ಎಚ್.ಡಿ. ಪರದೆಯನ್ನು ಸೆಕೆಂಡಿಗೆ 60 ಬಾರಿ ಬರೆಯಲು ಸುಮಾರು 50 ಕೋಟಿ ಬೈಟ್ ಓದಬೇಕು. ಎರಡಕ್ಕೆ 100 ಕೋಟಿ. ರ‍್ಯಾಮ್ ಒಂದೇ ಪಟ್ಟಿಯಾಗಿದ್ದರೆ ಬಾಗಿಲೂ ಒಂದೇ. ಎರಡು ಪಟ್ಟಿಗಳನ್ನು ಜೋಡಿಯಾಗಿ ಹಾಕಿದರೆ ಎರಡು ಬಾಗಿಲು ತೆರೆದಂತಾಗುತ್ತದೆ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಹೊಸ ಕಂಪ್ಯೂಟರಿಗಿಂತ ಮೊದಲು ಯೋಚಿಸಬೇಕಾದದ್ದು ಇದು.

ಎರಡು ಮಾನಿಟರುಗಳ ವೇಗ ಬೇರೆಬೇರೆಯಾಗಿರುವುದೂ ಉಂಟು. ಒಂದು 60 ಹರ್ಟ್ಸ್, ಇನ್ನೊಂದು 144. 2020ಕ್ಕೆ ಮುಂಚಿನ ವಿಂಡೋಸ್ 10 ಆವೃತ್ತಿಗಳಲ್ಲಿ ಇಂತಹ ಜೋಡಿಯಿಂದ ತಡವರಿಕೆ ಬರುತ್ತಿತ್ತು. ಆ ವರ್ಷದ ಪರಿಷ್ಕರಣೆಯಲ್ಲಿ ಬಹುಮಟ್ಟಿಗೆ ಸರಿಹೋಯಿತು. ಹಳೆಯ ಆವೃತ್ತಿಯಲ್ಲಿ ಉಳಿದಿರುವವರು ಎರಡನ್ನೂ 60ಕ್ಕೆ ಇಟ್ಟು ನೋಡಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ ವಿಡಿಯೋ ನಿಧಾನವಾಯಿತು ಎಂಬ ಮಾತಿದೆ. ಬೆಂಬಲ ನಿಂತರೆ ಸುರಕ್ಷತೆಗೆ ಧಕ್ಕೆಯೇ ಹೊರತು ವೇಗಕ್ಕಲ್ಲ. 4ಕೆ ಮಾನಿಟರ್ ಇದ್ದು ಕೇಬಲ್ ಅಥವಾ ರಂಧ್ರ ಹಳೆಯ ಎಚ್.ಡಿ.ಎಂ.ಐ. 1.4ರದಾದರೆ ಸೆಕೆಂಡಿಗೆ 30 ಬಾರಿಗಿಂತ ಹೆಚ್ಚು ಬರೆಯಲಾಗದು. ಮೌಸಿನ ಬಾಣ ಕೂಡ ಎಳೆದಂತೆ ಚಲಿಸುತ್ತಿದ್ದರೆ ಇದನ್ನು ಶಂಕಿಸಿ.

ಕೊಡಗಿನವರಿಗೆ ಒಂದೆರಡು ಮಾತು ಹೆಚ್ಚು. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನವಾಗುವ ಯಂತ್ರಕ್ಕೆ ಶಾಖದ ತೊಂದರೆ. ಸಂಸ್ಕಾರಕ ಅತಿಯಾಗಿ ಬಿಸಿಯಾದಾಗ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹೊರಗೆ ಚಳಿಯಿದ್ದರೇನು, ಪೆಟ್ಟಿಗೆಯನ್ನು ಮರದ ಮೇಜಿನ ಮುಚ್ಚಿದ ಗೂಡಿನಲ್ಲಿಟ್ಟರೆ ಒಳಗೆ ಬೇಸಿಗೆಯೇ. ಮಳೆಗಾಲದ ತೇವಕ್ಕೆ ಧೂಳು ಅಂಟಾಗಿ ಫ್ಯಾನಿನ ಅಲಗುಗಳಿಗೆ ಮೆತ್ತಿಕೊಳ್ಳುತ್ತದೆ, ಇರುವೆಗಳೂ ಸೇರುತ್ತವೆ. ಪ್ಲಗ್ ಕಿತ್ತು, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಮೆತ್ತನೆಯ ಒಣ ಕುಂಚದಿಂದ ಶುಚಿ ಮಾಡಬಹುದು. ವಿದ್ಯುತ್ ಒದಗಿಸುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಬಿಚ್ಚಕೂಡದು; ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ ಉಳಿದಿರುತ್ತದೆ. ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ವಿಡಿಯೋ ಹದಗೆಟ್ಟರೆ ಅದು ರೋಗವಲ್ಲ, ಮಿತವ್ಯಯ. ಬ್ಯಾಟರಿ ಉಳಿಸುವ ಏರ್ಪಾಡನ್ನು ತಾತ್ಕಾಲಿಕವಾಗಿ ತೆಗೆದರಾಯಿತು.

ಎಲ್ಲವನ್ನೂ ಮಾಡಿ, ಬಿಟ್ಟುಹೋದ ಚಿತ್ರಗಳ ಲೆಕ್ಕ ಸೊನ್ನೆಗೆ ಬಂದ ಮೇಲೂ ಕ್ಯಾಮೆರಾ ತಿರುಗುವಾಗ ಸಣ್ಣ ಅದುರು ಉಳಿಯಬಹುದು. ಇದು ಯಂತ್ರದ ದೋಷವಲ್ಲ, ಭಾಗಾಕಾರದ ಶೇಷ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟೆಲಿವಿಷನ್ ಕೂಡ 625 ಗೆರೆಗಳ, ಸೆಕೆಂಡಿಗೆ 25 ಚಿತ್ರಗಳ ಪದ್ಧತಿಯನ್ನು ಹಿಡಿಯಿತು. 60 ಹರ್ಟ್ಸ್ ವಿದ್ಯುತ್ತಿನ ಅಮೆರಿಕದಲ್ಲಿ ಅದು 30 ಆಯಿತು. ಕಂಪ್ಯೂಟರಿನ ಮಾನಿಟರುಗಳು ಸಾಮಾನ್ಯವಾಗಿ 60ಕ್ಕೆ ನಿಂತಿವೆ. 60ನ್ನು 25ರಿಂದ ಭಾಗಿಸಿದರೆ 2.4. ಅರ್ಧಂಬರ್ಧ ಬಾರಿ ಬರೆಯಲಾಗದ್ದರಿಂದ ಒಂದು ಚಿತ್ರ ಎರಡು ಬಾರಿ, ಇನ್ನೊಂದು ಮೂರು ಬಾರಿ ಪರದೆಯ ಮೇಲೆ ನಿಲ್ಲುತ್ತದೆ. ನಡಿಗೆ ಕುಂಟುತ್ತದೆ. ನಿಮ್ಮ ಮಾನಿಟರ್ ಒಪ್ಪುವುದಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಅದನ್ನು 50 ಅಥವಾ 75ಕ್ಕೆ ಇಡಿ. ಎರಡೂ 25ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಆಮೇಲೆ ಸೆಕೆಂಡಿಗೆ 25 ಚಿತ್ರಗಳಿರುವ ಪಂದ್ಯದ ವಿಡಿಯೋ ಒಂದನ್ನು ಹಾಕಿ, ಚೆಂಡು ಮೈದಾನದ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ನೋಡಿ.