ಮನೆಯೊಳಗಣ ಕಾಣದ ವಿಷಗಳು

ವಿಷವೆಂದೊಡನೆ ಹಾವು ಚೇಳುಗಳ ನೆನಪು ನಮಗೆ ಬರುವದು. ಆದರೆ ಸಂಸಾರ ನಡಿಸುವ ಹೆಣ್ಣುಮಗಳು ಅಂಜತಕ್ಕ ವಿಷವು ಹುತ್ತದಲ್ಲಿರದೆ ಕಾಳಿನ ಚೀಲದಲ್ಲಿ, ಎಣ್ಣೆಯ ಡಬ್ಬಿಯಲ್ಲಿ, ಅರಿಷಿಣದ ಪುಡಿಯಲ್ಲಿ ಅಡಗಿರುವದು. ಅದು ಕಚ್ಚಿದ ಗುರುತನ್ನು ತೋರಿಸುವದಿಲ್ಲ. ಹಲವು ಸಲ ದಿನಕ್ಕಿಷ್ಟೇ ಒಳಹೊಕ್ಕು ವರುಷಗಳ ಮೇಲೆ ತನ್ನ ಫಲವನ್ನು ಕಾಣಿಸುವದು. ಈ ಶಾಲೆಯಲ್ಲಿ ಕಲಿತು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮನೆವಾರ್ತೆ ನೋಡುತ್ತಿರುವ ಸೋದರಿಯರಿಗೂ, ಮಕ್ಕಳನ್ನು ಇಲ್ಲಿಗೆ ಕಳಿಸುತ್ತಿರುವ ತಾಯಿತಂದೆಗಳಿಗೂ ಉಪಯೋಗವಾದೀತೆಂದು ಇಂಥ ನಾಲ್ಕು ವಿಷಗಳ ವಿಚಾರವನ್ನು ಇಲ್ಲಿ ಬರೆದಿದೆ.

ಮೊದಲನೆಯದು ಬೂಷ್ಟಿನ ವಿಷ. ೧೯೬೦ರಲ್ಲಿ ಇಂಗ್ಲಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಶೋಧಿಸಲಾಗಿ, ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ವಿಷವನ್ನುಂಟುಮಾಡಿತ್ತೆಂದು ತಿಳಿಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಇದು ಕೋಳಿಗಳ ಮಾತಷ್ಟೇ ಅಲ್ಲ. ೧೯೭೪ರಲ್ಲಿ ಗುಜರಾತ, ರಾಜಸ್ಥಾನಗಳ ಹಳ್ಳಿಗಳಲ್ಲಿ ಮಳೆಗೆ ತೊಯ್ದು ಬೂಷ್ಟು ಹಿಡಿದ ಗೋವಿನಜೋಳವನ್ನುಂಡು ನೂರಕ್ಕೂ ಹೆಚ್ಚು ಜನರು ಯಕೃತ್ತು ಕೆಟ್ಟು ಮಡಿದರು. ೧೯೯೫ರಲ್ಲಿ ನಮ್ಮ ದಖ್ಖಣ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ತೊಯ್ದ ಜೋಳದ ರೊಟ್ಟಿಯನ್ನುಂಡವರಿಗೆ ಹೊಟ್ಟೆನೋವು, ಭೇದಿಗಳು ಹತ್ತಿದವು. ಅದಕ್ಕೆ ಕಾರಣವು ಬೂಷ್ಟಿನ ಇನ್ನೊಂದು ವಿಷವಾದ ಫ್ಯುಮೊನಿಸಿನ್.

ನಮ್ಮ ಸೀಮೆಯಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ, ಪಲ್ಯಕ್ಕೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಕಾಯಿ ಬಲಿಯುವ ಕಾಲಕ್ಕೆ ಮಳೆ ಕೈಕೊಟ್ಟರೆ ನೆಲದೊಳಗೇ ಬೂಷ್ಟು ಹೊಗುವದು. ರಾಮದುರ್ಗ, ಸವದತ್ತಿಗಳ ಕಡೆಗೆ ಈ ಭಯವುಂಟು. ಕಿತ್ತ ಬಳಿಕ ಒಣಗದೆ ಉಳಿದರೂ ಬೂಷ್ಟು ಬೆಳೆಯುವದು. ಮಳೆ ಹೆಚ್ಚಾದ ಕಿತ್ತೂರಿನ ಕಡೆಗೆ ಈ ಭಯವುಂಟು. ಆದ ಕಾರಣ ಕಾಯಿಯನ್ನು ಅಲ್ಲಾಡಿಸಿದರೆ ಒಳಗಿನ ಕಾಳು ಸಪ್ಪಳ ಮಾಡುವಷ್ಟು ಒಣಗಿಸಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ದೂರವಿಡಬೇಕು. ಹುರಿಯುವದಕ್ಕಿಂತ ಮೊದಲು ಹಸನ ಮಾಡಿ, ಸುಕ್ಕಿದ, ಕಪ್ಪಾದ, ತೂತುಬಿದ್ದ ಕಾಳುಗಳನ್ನು ತೆಗೆದುಹಾಕಬೇಕು. ಹುರಿದರೆ ವಿಷವು ಸುಟ್ಟುಹೋಗುವದೆಂಬದು ತಪ್ಪು ತಿಳುವಳಿಕೆ. ಅದು ಪೂರ್ತಿಯಾಗಿ ನಾಶವಾಗುವದಿಲ್ಲ. ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದರೆ ಕಹಿಯು ಮುಚ್ಚೀತೇ ಹೊರತು ವಿಷವು ಹೋಗದು. ಆರಿಸಿದ ಕೆಟ್ಟ ಕಾಳನ್ನು ಎಮ್ಮೆಗೆ ಹಾಕುವದೂ ಸಲ್ಲದು. ಹಾಲಿನ ದಾರಿಯಿಂದ ಆ ವಿಷವು ಮತ್ತೆ ಮಕ್ಕಳ ಬಟ್ಟಲಿಗೇ ಬರುವದು.

ಎರಡನೆಯದು ಹೊಲದ ಔಷಧ. ಹತ್ತಿ, ಕಬ್ಬುಗಳಿಗೆ ಹೊಡೆಯುವ ಕೀಟನಾಶಕದ ಡಬ್ಬಿಗಳು ಗಟ್ಟಿಯಾಗಿಯೂ ಚೆಂದವಾಗಿಯೂ ಇರುವವು. ತೊಳೆದು ಎಣ್ಣೆಗೋ ನೀರಿಗೋ ಇಟ್ಟುಕೊಳ್ಳಬೇಕೆಂಬ ಆಸೆಯಾಗುವದು ಸಹಜ. ೨೦೧೩ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ೨೩ ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೊಟೋಫಾಸ್ ಎಂಬ ಕೀಟನಾಶಕವಿದ್ದದ್ದು ಪರೀಕ್ಷೆಯಿಂದ ತಿಳಿಯಿತು. ಎಷ್ಟು ತೊಳೆದರೂ ಅಂಥ ಡಬ್ಬಿಯು ಶುದ್ಧವಾಯಿತೆಂದು ನಂಬಲಾಗದು. ಅದನ್ನು ತೂತುಮಾಡಿ ನಿರುಪಯೋಗಿಯಾಗಿ ಮಾಡುವದೇ ಲೇಸು. ಕಾಳಿನ ಹುಳಕ್ಕೆಂದು ಮಾರುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಜನರು ಮಲಗುವ ಮನೆಯಲ್ಲಿ ಎಂದಿಗೂ ಇಡಬಾರದು. ಅವುಗಳಿಂದ ಹೊರಡುವ ಗಾಳಿಯು ಹುಳವನ್ನು ಕೊಲ್ಲುವಂತೆ ಮನುಷ್ಯರನ್ನೂ ಕೊಲ್ಲುವದು.

ಮೂರನೆಯದು ಬಣ್ಣ. ಬಂಗ್ಲಾದೇಶದಲ್ಲಿ ಅರಿಷಿಣವು ಹೆಚ್ಚು ಹಳದಿಯಾಗಿ ಕಾಣಲೆಂದು ಸೀಸ ಕೂಡಿದ ಬಣ್ಣವನ್ನು ಅದಕ್ಕೆ ಬೆರಿಸುತ್ತಿದ್ದದ್ದು ೨೦೧೯ರಲ್ಲಿ ಪ್ರಕಟವಾಯಿತು. ಸೀಸವು ಬೆಳೆಯುವ ಮಕ್ಕಳ ಮೆದುಳನ್ನು ಕುಂದಿಸುವದು. ಗರ್ಭದಲ್ಲಿಯ ಕೂಸನ್ನೂ ಬಿಡದು. ಇಷ್ಟಾದರೆ ಬಾಧೆಯಿಲ್ಲವೆಂಬ ಪ್ರಮಾಣವೇ ಅದಕ್ಕಿಲ್ಲ. ಆದ್ದರಿಂದ ಬಿಡಿ ಪುಡಿಯನ್ನು ಬಿಟ್ಟು ಅರಿಷಿಣದ ಕೊಂಬುಗಳನ್ನು ಕೊಂಡು, ಅತಿಯಾಗಿ ಹೊಳೆಯುವವುಗಳನ್ನು ದೂರವಿಟ್ಟು, ಮನೆಯಲ್ಲಿಯೇ ಕುಟ್ಟಿಸುವದು ಒಳ್ಳೆಯದು. ಜಾತ್ರೆಯಲ್ಲಿ ಮಕ್ಕಳು ಹಟಮಾಡುವ ಬಣ್ಣದ ಬೊಂಬಾಯಿ ಮಿಠಾಯಿಗೂ, ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವದನ್ನು ಕರ್ನಾಟಕ ಸರಕಾರವು ೨೦೨೪ರ ಮಾರ್ಚದಲ್ಲಿ ನಿಷೇಧಿಸಿತು. ಸರಕಾರದ ಕಣ್ಣು ಎಲ್ಲ ಅಂಗಡಿಗಳಿಗೂ ಮುಟ್ಟಲಾರದು. ತಾಯಿಯ ಕಣ್ಣು ಮುಟ್ಟೀತು.

ನಾಲ್ಕನೆಯದು ಪಾತ್ರೆ. ಕಲಾಯಿ ಹೋದ ಹಿತ್ತಾಳೆ ತಾಮ್ರಗಳಲ್ಲಿ ಮಜ್ಜಿಗೆ, ಹುಣಸೆಯ ಸಾರುಗಳನ್ನಿಟ್ಟರೆ ಹುಳಿಯು ಲೋಹವನ್ನು ಕರಗಿಸಿಕೊಳ್ಳುವದು. ಉಂಡವರಿಗೆ ವಾಂತಿ, ಹೊಟ್ಟೆನೋವುಗಳಾಗುವವು. ಕಲಾಯಿ ಹಾಕಿಸುವದು ಸಾಧ್ಯವಿಲ್ಲದಿದ್ದರೆ ಹುಳಿಯ ಪದಾರ್ಥಕ್ಕೆ ಸ್ಟೀಲಿನ ಪಾತ್ರೆಯನ್ನಾಗಲಿ ಮಣ್ಣಿನ ಗಡಿಗೆಯನ್ನಾಗಲಿ ಬಳಸಬೇಕು.

ಇಷ್ಟು ಎಚ್ಚರವಿದ್ದೂ ಮಗುವು ಕೀಟನಾಶಕವನ್ನು ಕುಡಿದದ್ದಾದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಗೊಡವೆಗೆ ಹೋಗದೆ, ಆ ಡಬ್ಬಿಯನ್ನೂ ಸಂಗಡ ತೆಗೆದುಕೊಂಡು ಕೂಡಲೆ ದವಾಖಾನೆಗೆ ಒಯ್ಯಬೇಕು. ಡಬ್ಬಿಯ ಮೇಲಿನ ಹೆಸರನ್ನು ಕಂಡರೆ ವೈದ್ಯರ ಕೆಲಸವು ಹಗುರಾಗುವದು.

ಕಡೆಗೆ ಒಂದು ಮಾತು. ನಮ್ಮ ಒಕ್ಕಲು ಮನೆಗಳಲ್ಲಿ ಒಳ್ಳೆಯ ಕಾಳು ಪೇಟೆಗೆ ಹೋಗುವದು, ಆರಿಸಿ ಉಳಿದದ್ದು ಮನೆಯ ಬಾಯಿಗೆ ಬೀಳುವದು. ಅದರಲ್ಲಿಯೂ ತೀರ ಕೆಟ್ಟದ್ದನ್ನು, ಚೆಲ್ಲಬಾರದೆಂದು, ಮನೆಯಾಕೆಯೇ ಉಣ್ಣುವಳು. ಅನ್ನವನ್ನು ಚೆಲ್ಲಬಾರದೆಂಬ ನೀತಿಯು ದೊಡ್ಡದು; ಆದರೆ ಬೂಷ್ಟು ಹಿಡಿದದ್ದು ಅನ್ನವಲ್ಲ. ಒಂದು ಹಿಡಿ ಕಾಳನ್ನು ತಿಪ್ಪೆಗೆ ಹಾಕಿದರೆ ಆಗುವ ನಷ್ಟವು ಎರಡು ಕಾಸಿನದು. ಅದನ್ನುಂಡು ಬರುವ ರೋಗದ ನಷ್ಟವನ್ನು ಇಡೀ ಮನೆಯು ತೆರಬೇಕಾಗುವದು. ಕಾಳನ್ನು ಹಸನ ಮಾಡುವ ಹೊತ್ತಿನಲ್ಲಿ ಮಗಳನ್ನು ಬಗಲಿಗೆ ಕೂಡಿಸಿಕೊಂಡು, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬದನ್ನು ಕಲಿಸಿದರೆ, ಅದೂ ಒಂದು ದೊಡ್ಡ ವಿದ್ಯೆಯೇ ಸರಿ.