ಹಳೆಯ ಮರಕ್ಕೆ ಹೊಸ ಬಣ್ಣ

ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವ ದಿನ ಸಮೀಪಿಸಿದಂತೆ ಮನೆಯಲ್ಲಿ ಸಡಗರ ಮೊದಲಾಗುತ್ತದೆ. ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುತ್ತದೆ. ಗೋಡೆಗೆ ಸುಣ್ಣ ಬಣ್ಣವಾದೊಡನೆ ಅಜ್ಜನ ಕಾಲದ ಕುರ್ಚಿ, ಕಪಾಟುಗಳು ಅಂದಗೆಟ್ಟಂತೆ ಕಾಣತೊಡಗುತ್ತವೆ. ಅವನ್ನು ಗುಜರಿಗೆ ಹಾಕಿ, ನೀರು ತಾಗಿದರೆ ಉಬ್ಬುವ ಹೊಟ್ಟಿನ ಹಲಗೆಯ ಸಾಮಾನನ್ನು ಕಂತಿನ ಮೇಲೆ ತರುವವರೂ ಉಂಟು. ಬಾಚಿಕಾಯಕದ ಬಸವಯ್ಯನಂತಹ ಬಡಗಿಯನ್ನು ಶರಣನೆಂದು ಗೌರವಿಸುವ ನಾವು, ಕೈಕೆಲಸದ ಫಲವನ್ನು ಇಷ್ಟು ಹಗುರವಾಗಿ ಕಾಣುವುದು ತರವಲ್ಲ.

ಆದರೆ ಬಣ್ಣದ ಡಬ್ಬಿ ತೆರೆಯುವ ಮುನ್ನ ಒಂದು ಎಚ್ಚರಿಕೆ ಅವಶ್ಯ. ಹಿಂದಿನ ಎಷ್ಟೋ ಎನಾಮಲ್ ಬಣ್ಣಗಳಲ್ಲಿ ಸೀಸ ಬೆರೆತಿರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮೆದುಳಿಗೂ ಗರ್ಭಸ್ಥ ಶಿಶುವಿಗೂ ಹಾನಿಕರ. ಆದ್ದರಿಂದ ಈ ಕೆಲಸವನ್ನು ಮಗಳು ಬರುವುದಕ್ಕೆ ಮೊದಲೇ, ಮನೆಯ ಹೊರಗೆ, ಮೂಗು ಬಾಯಿ ಮುಚ್ಚಿಕೊಂಡು ಮಾಡಬೇಕು. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಉದುರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬೆಂಕಿಯಿಂದ ಸುಟ್ಟು ಬಣ್ಣ ಕೀಳಿಸುವುದಂತೂ ಸಲ್ಲದು.

ನಾವು ಒಮ್ಮೆ ಅವಸರದಲ್ಲಿ ಅಡಿಗೆಮನೆಯ ಮೇಜಿಗೆ ನೇರವಾಗಿ ಬಣ್ಣ ಬಳಿದೆವು. ಮೂರೇ ತಿಂಗಳಲ್ಲಿ ಅದು ಹಪ್ಪಳದಂತೆ ಎದ್ದಿತು. ಎಣ್ಣೆಯ ಜಿಡ್ಡು ಹೋಗಿರಲಿಲ್ಲವೆಂಬುದು ಆಗ ತಿಳಿಯಿತು. ಮೊದಲು ಸೋಪಿನ ನೀರಿನಿಂದ ತೊಳೆದು, ನೆರಳಿನಲ್ಲಿ ಪೂರ್ಣ ಒಣಗಿಸಬೇಕು. ಸಡಿಲವಾದ ಕೀಲುಗಳನ್ನು ಅಂಟು ಹಾಕಿ ಬಿಗಿಯಬೇಕು. ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆಯೆಂದು ತಿಳಿದು, ಔಷಧಿ ಮಾಡಿಸಿಯೇ ಮುಂದುವರಿಯಬೇಕು. ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ನಯಗೊಳಿಸಿ, ಮರಕ್ಕೆ ಹಾಕುವ ಪ್ರೈಮರನ್ನು ಒಂದು ಸಲ ಬಳಿಯಬೇಕು. ಅನಂತರ ಮರದ ಎಳೆಯ ಗುಂಟ ಬ್ರಷ್ ಆಡಿಸುತ್ತ ಎರಡು ತೆಳು ಲೇಪ ಕೊಡಬೇಕು. ನಡುವೆ ಒಂದು ರಾತ್ರಿ ಬಿಡುವಿರಲಿ. ದಪ್ಪನೆಯ ಒಂದೇ ಲೇಪ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮಳೆಗಾಲದ ತೇವವೂ ಸುಡುಬಿಸಿಲೂ ಈ ಕೆಲಸಕ್ಕೆ ಒಗ್ಗವು.

ಎಲ್ಲಕ್ಕೂ ಬಣ್ಣ ಬೇಕೆಂದಿಲ್ಲ. ಎಳೆ ಚೆಂದವಿರುವ ಸಾಗುವಾನಿ, ಬೀಟೆಗಳಿಗೆ ಪಾಲಿಶ್ ಸಾಕು. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರದ ತೊಟ್ಟಿಲು ನಿಮ್ಮ ಮನೆಯಲ್ಲಿದ್ದರೆ ಅದರ ಮೇಲೆ ಡಬ್ಬಿಯ ಬಣ್ಣ ಬಳಿಯಲೇಬೇಡಿ. ಒಮ್ಮೆ ಮುಚ್ಚಿಹೋದ ಆ ಕುಸುರಿ ಮತ್ತೆ ಕೈಗೆ ಬಾರದು. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ ಇಡಿ. ಸಾದಾ ತೊಟ್ಟಿಲ ಹಳೆಯ ಬಣ್ಣ ಚಕ್ಕೆ ಏಳುತ್ತಿದ್ದರೆ ಕೂಸನ್ನು ಅದರಲ್ಲಿ ಮಲಗಿಸದಿರುವುದೇ ಲೇಸು. ಹಲ್ಲು ಬರುವ ಕೂಸು ಅಂಚನ್ನು ಕಚ್ಚದೆ ಬಿಡದು. ಅಂತಹ ಮಗುವಿಗೆ ಸೀರೆಯ ಜೋಲಿ ಸಾಕು.

ಹೊಸತನ್ನು ಕೊಳ್ಳಲು ಹಣ ಸಾಕು, ಹಳೆಯದನ್ನು ಉಳಿಸಲು ತಾಳ್ಮೆ ಬೇಕು. ಮನೆಮಂದಿಯೆಲ್ಲ ಕೂಡಿ ನಾಲ್ಕು ದಿನ ದುಡಿದರೆ ಅಜ್ಜನ ಕುರ್ಚಿಯಲ್ಲಿ ಮೊಮ್ಮಗನ ಮಗನೂ ಕುಳಿತಾನು.